ಅರ ಹಿಡಿಯೋಕೆ ಜರ್ಮನಿಗೆ

ಆಷಾಢದ ತೇರಿನ ದಿನ ಮಾಲೇಕಲ್ಲು ತಿರುಪತಿಯಲ್ಲಿ ಇಬ್ಬರು ನಿಂತು ಮಾತಾಡುವಷ್ಟು ಜಾಗ ಸಿಗುವುದಿಲ್ಲ. ತೇರು ಮುಗಿದು, ಅಂಗಡಿಯವರು ಗಳ ಬಿಚ್ಚಿಕೊಂಡು ಹೋದ ಮೇಲೆ ಬೆಟ್ಟ ಮತ್ತೆ ಅರಸೀಕೆರೆಯವರದ್ದಾಗುತ್ತದೆ. ಅಂಥ ಒಂದು ಭಾನುವಾರ ವೆಂಕಟರಮಣನ ದರ್ಶನ ಮಾಡಿ ಇಳಿಯುವಾಗ ಇಬ್ಬರು ಮೆಟ್ಟಿಲ ಮೇಲೆ ಕೂತು ಆಡಿದ ಮಾತು ಇದು. ಒಬ್ಬರು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ಬಂದು, ಈಗ ಅರಸೀಕೆರೆಯಲ್ಲಿ ಲೇಥ್ ಮತ್ತು ವೆಲ್ಡಿಂಗ್ ಅಂಗಡಿ ಇಟ್ಟಿರುವವರು. ಇನ್ನೊಬ್ಬಳು ಅವರ ತಂಗಿಯ ಮಗಳು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೊದಲ ವರ್ಷ, ಫಿಸಿಕ್ಸ್ ಸೈಕಲ್ ಮುಗಿಸಿ ಕೆಮಿಸ್ಟ್ರಿ ಸೈಕಲ್‌ನ ಕೊನೆಗೆ ಬಂದಿದ್ದಾಳೆ. ಹೆಸರುಗಳು ಬೇಡ, ಮಾತು ಸಾಕು.

ಹುಡುಗಿ: ಮಾವ, ನೀವು ಹೂಂ ಅಂದ್ರೆ ಅಪ್ಪ ದುಡ್ಡು ಹೊಂದಿಸ್ತಾರಂತೆ. ಅದಕ್ಕೇ ನಿಮ್ಮ ಜೊತೆ ಬೆಟ್ಟ ಹತ್ತಿದ್ದು.

ಮಾವ: ನಾನು ಭಕ್ತಿ ಅಂದ್ಕೊಂಡೆ. ಸರಿ, ತೆಗಿ ಆ ಕಾಗದ.

ಹುಡುಗಿ: ಮೊದಲ ವರ್ಷದ ಎಂಜಿನಿಯರಿಂಗ್ ಮಕ್ಕಳಿಗೆ ವಿದೇಶದಲ್ಲಿ ಪ್ರಾಕ್ಟಿಕಲ್ ತರಬೇತಿ. ಜರ್ಮನಿ, 3 ವಾರ. ವಿಮಾನ, ವಸತಿ, ಊಟ, ಸರ್ಟಿಫಿಕೇಟು ಎಲ್ಲಾ ಸೇರಿ 3 ಲಕ್ಷದ ಮೇಲಾಗುತ್ತೆ. ಒಬ್ಬ ಏಜೆಂಟು ಕಾಲೇಜಿಗೇ ಬಂದು ಹೇಳಿ ಹೋದ.

ಮಾವ: ಹಂಗಾದ್ರೆ ಅಟ್ಟದ ಕೊಬ್ಬರಿ ಅಷ್ಟೂ ಇಳಿಸಬೇಕು ನಿಮ್ಮಪ್ಪ.

ಹುಡುಗಿ: ತಿಪಟೂರಲ್ಲಿ ಇನ್ನೂ ರೇಟು ಏರುತ್ತೆ, ಈಗ ಇಳಿಸಿದ್ರೆ ನಷ್ಟ ಅಂತ ಅವರು. ನನ್ನ ರಜ ಮುಗಿದು ಹೋಗುತ್ತೆ ಅಂತ ನಾನು.

ಮಾವ: 3 ವಾರದಲ್ಲಿ ಏನೇನು ಮಾಡಿಸ್ತಾರೆ, ಓದು.

ಹುಡುಗಿ: ಮೊದಲ ಎರಡು ದಿನ ಬರ್ಲಿನ್ ನೋಡೋದು. ಆಮೇಲೆ ಕಾರು ಕಾರ್ಖಾನೆ ಭೇಟಿ. ಕಾರು ಮ್ಯೂಸಿಯಂ. ಸಿಎನ್‌ಸಿ ಯಂತ್ರದ ಪ್ರಾತ್ಯಕ್ಷಿಕೆ. ರೋಬೋಟಿಕ್ಸ್ ಕಾರ್ಯಾಗಾರ. ಒಂದು ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ. ಕೊನೆಗೆ ಸರ್ಟಿಫಿಕೇಟ್ ವಿತರಣೆ, ಸಾಂಸ್ಕೃತಿಕ ಸಂಜೆ.

ಮಾವ: ಪ್ರಾತ್ಯಕ್ಷಿಕೆ ಅಂದ್ರೆ ಅವರು ಮಾಡ್ತಾರೆ, ನೀವು ಫೋಟೋ ತೆಗೀತೀರಿ. ನಿನ್ನ ಕೈಗೆ ಯಾವ ಯಂತ್ರ, ಎಷ್ಟು ಗಂಟೆ ಕೊಡ್ತಾರೆ?

ಹುಡುಗಿ: 'ಹ್ಯಾಂಡ್ಸ್ ಆನ್' ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಗಂಟೆ ಹಾಕಿಲ್ಲ.

ಮಾವ: ಹಾಕಲ್ಲ. ಯಾವ ವೀಸಾ ಮೇಲೆ ಕರ್ಕೊಂಡು ಹೋಗ್ತಾರೆ, ಕೇಳಿದ್ಯಾ?

ಹುಡುಗಿ: ಷೆಂಗೆನ್ ವೀಸಾ. 180 ದಿನದಲ್ಲಿ 90 ದಿನ ಮೀರದ ಹಾಗೆ ಹೋಗಿ ಬರೋದು. ಅದರ ಫೀಸೇ 90 ಯೂರೋ.

ಮಾವ: ನೋಡಿ ಬರೋರಿಗೆ ಕೊಡೋ ಚೀಟಿ ಅದು. ನಾನು ಟೂಲ್ ರೂಮಲ್ಲಿದ್ದಾಗ ಹೊರಗಿನೋರು ಎಷ್ಟೋ ಸಲ ನೋಡೋಕೆ ಬರೋರು. ನೆಲದ ಮೇಲೆ ಹಳದಿ ಗೆರೆ ಎಳೆದಿರ್ತಿತ್ತು, ಅದರಾಚೆ ಅವರು ಕಾಲಿಡಂಗಿಲ್ಲ. ಲೇಥ್ ಚಕ್ಕು ತಿರುಗ್ತಾ ಇರುವಾಗ ಅಂಗಿ ತೋಳು ಸಿಕ್ಕಿದ್ರೆ ತೋಳನ್ನಷ್ಟೇ ಎಳೆಯಲ್ಲ, ಆಳನ್ನೇ ಎಳೀತದೆ. ಇಲ್ಲೇ ಹಂಗೆ ಕಾಯ್ತಿದ್ವಿ ಅಂದ್ಮೇಲೆ, ಸುರಕ್ಷತೆ ಪಾಠ ಇಲ್ಲದೆ, ವಿಮೆ ಇಲ್ಲದೆ ಆ ದೇಶದವರು ಮೊದಲ ವರ್ಷದ ಹುಡುಗಿ ಕೈಗೆ ಯಂತ್ರ ಕೊಡ್ತಾರಾ?

ಹುಡುಗಿ: ಸರಿ ಮಾವ. ಏಜೆಂಟನ್ನ ಎಷ್ಟು ಬೇಕಾದ್ರೂ ಬಯ್ಯಿರಿ. ಜರ್ಮನಿಯನ್ನ ಬಯ್ಯಬೇಡಿ. ಆ ಕಾಗದ ಬಂದ ಮೇಲೆ ನಾನು ಅಲ್ಲಿನ ಕಾಲೇಜುಗಳ ಬಗ್ಗೆ ಓದ್ದೆ. ಅಲ್ಲಿ ಎಷ್ಟೋ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್‌ಗೆ ಸೇರಬೇಕು ಅಂದ್ರೆ, ಸೇರೋಕೆ ಮೊದಲೇ ಇಲ್ಲಾ ಸೇರಿದ ಹೊಸದರಲ್ಲೇ ಕಾರ್ಖಾನೇಲಿ ಕೈಕೆಲಸ ಮಾಡಿ ಬರಬೇಕು. 8 ವಾರ, 12 ವಾರ, ಒಂದೊಂದು ಕಡೆ ಒಂದೊಂದು ಲೆಕ್ಕ. ಅರ ಉಜ್ಜೋದು, ಗರಗಸ, ಡ್ರಿಲ್ಲಿಂಗ್, ಟರ್ನಿಂಗ್, ಮಿಲ್ಲಿಂಗ್, ವೆಲ್ಡಿಂಗ್. ದಿನಾ ಏನು ಮಾಡಿದೆ ಅಂತ ವರದಿ ಬರೆದು ಕಾರ್ಖಾನೆಯವರ ಸಹಿ ಹಾಕಿಸ್ಕೊಂಡು ಬರಬೇಕು.

ಮಾವ: ಅರದಿಂದಲೇ ಶುರು?

ಹುಡುಗಿ: ಅರದಿಂದಲೇ. ಕಂಪ್ಯೂಟರ್ ಓಡಿಸೋ ಯಂತ್ರ ಪಕ್ಕದಲ್ಲೇ ಇದ್ರೂ ಮೊದಲು ಕಬ್ಬಿಣದ ತುಂಡು, ವೈಸು, ಅರ.

ಮಾವ: ಆ ಜರ್ಮನಿ ನನಗೂ ಒಪ್ಪಿಗೆ ಕಣೇ. ಈ ಕಾಗದದಲ್ಲಿ ಇರೋದು ಆ ಜರ್ಮನಿ ಅಲ್ವಲ್ಲ.

ಹುಡುಗಿ: ಇನ್ನೊಂದು ಪದ್ಧತಿ ಇದೆ. ಬಾಡೆನ್–ವುರ್ಟೆಂಬರ್ಗ್ ಅಂತ ಒಂದು ರಾಜ್ಯ, ಬಾಷ್ ಕಂಪನಿ ಇರೋ ಜಾಗ. ಅಲ್ಲಿ 3 ತಿಂಗಳು ಕಾಲೇಜು, 3 ತಿಂಗಳು ಕಂಪನಿ, ಹೀಗೇ ಮೊದಲ ವರ್ಷದಿಂದ ಕೊನೆವರೆಗೂ. 1974ರಲ್ಲಿ ಶುರು ಮಾಡಿದ್ದು, 2009ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ರೂಪ ಕೊಟ್ರು. ವಿದ್ಯಾರ್ಥಿಗೆ ಕಂಪನಿಯೇ ಸಂಬಳ ಕೊಡುತ್ತೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಹರ್ಮನ್ ಷ್ನೈಡರ್ ಅನ್ನೋರು 1906ರಲ್ಲೇ ಇಂಥದ್ದೊಂದು ಶುರು ಮಾಡಿದ್ರಂತೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಈ ಲೆಕ್ಕದ ಮೇಲೆ. ಈಗಲೂ ಅಲ್ಲಿ ಕೆಲವರು 4 ತಿಂಗಳು ಪಾಠ ಕೇಳಿದ ಕೂಡಲೇ ಕೆಲಸಕ್ಕೆ ಹೋಗ್ತಾರೆ.

ಮಾವ: ಇದ್ಯಾವುದರಲ್ಲೂ ಹುಡುಗನೇ ದುಡ್ಡು ಕಟ್ಟಿ ಹೋದದ್ದಿಲ್ಲ, ಗಮನಿಸಿದ್ಯಾ? ಅವನು ಕೆಲಸ ಮಾಡ್ತಾನೆ, ಅವರು ಕೂಲಿ ಕೊಡ್ತಾರೆ. ಕೂಲಿ ಕೊಡೋನು ಕಲಿಸದೆ ಬಿಡಲ್ಲ, ಅವನ ಮಾಲು ಕೆಡುತ್ತಲ್ಲ. ನೀವೇ ದುಡ್ಡು ಕೊಟ್ಟು ಹೋದ್ರೆ ಗಿರಾಕಿ ಆಗ್ತೀರಿ. ಗಿರಾಕಿಗೆ ಯಾರೂ ಬಯ್ದು ಕಲಿಸಲ್ಲ.

ಹುಡುಗಿ: ನೀವು ಬಯ್ದು ಕಲಿಸಿದ್ದು ಯಾರಿಗೆ ಅಂತ ಆಮೇಲೆ ಕೇಳ್ತೀನಿ. ಮೊದಲು ಇದನ್ನ ನೋಡಿ.

(ಅವಳು ಚೀಲದಿಂದ ಹಳೇ ಬಟ್ಟೆ ಸುತ್ತಿದ ಎರಡು ಕಬ್ಬಿಣದ ತುಂಡು ತೆಗೆದಳು. ಒಂದರಲ್ಲಿ ಇಂಗ್ಲಿಷಿನ ‘ವಿ’ ಆಕಾರದ ಕಚ್ಚು, ಇನ್ನೊಂದರಲ್ಲಿ ಅದಕ್ಕೆ ಕೂರುವ ಮೊನೆ. ಎಂಜಿನಿಯರಿಂಗ್ ಓದಿದವರ ಮನೆಗಳಲ್ಲಿ ಹುಡುಕಿದರೆ ಇಂಥದ್ದೊಂದು ಫಿಟ್ಟಿಂಗ್ ಮಾಡೆಲ್ ಕಾಗದ ಹಾರದಂತೆ ಇಡುವ ಭಾರವಾಗಿ ಇನ್ನೂ ಸಿಕ್ಕೀತು. ಮಾವ ಎರಡನ್ನೂ ಜೋಡಿಸಿ, ಆಕಾಶಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.)

ಮಾವ: ಸಂದಿಯಲ್ಲಿ ಬೆಳಕು ಕಾಣ್ತಾ ಇದೆ. ಎಡಗಡೆ ಚೆನ್ನಾಗಿ ಕೂತಿದೆ, ಬಲಗಡೆ ಬಾಯಿ ಬಿಟ್ಟಿದೆ. ಇದನ್ನ ಒಬ್ಬರೇ ಮಾಡಿದ್ದಲ್ಲ.

ಹುಡುಗಿ: ಹೆಂಗೆ ಗೊತ್ತಾಯ್ತು?

ಮಾವ: ಈ ಮೈ ಮೇಲೆ ಉಗುರು ಓಡಿಸು. ನಡುವೆ ಉಬ್ಬಿ ಎರಡು ಕಡೆ ಇಳಿದಿದೆ. ಉಜ್ಜುವಾಗ ಅರ ತೂಗಿದೆ ಅಂತ ಅರ್ಥ. ಹೊಸಬರೆಲ್ಲ ಹಂಗೇ ಮಾಡೋದು. ತಳ್ಳೋಕೆ ಶುರು ಮಾಡುವಾಗಲೇ ಬಲಗೈ ಭಾರ ಹೆಚ್ಚಾಗುತ್ತೆ, ಎಡಗೈ ಹಗುರ ಆಗುತ್ತೆ, ಅರದ ಮೂಗು ಏಳುತ್ತೆ. ಸರಿಯಾಗಿ ಉಜ್ಜೋದು ಅಂದ್ರೆ ಶುರುವಲ್ಲಿ ಎಡಗೈ ಭಾರ ಹೆಚ್ಚು, ಬಲಗೈ ಕಮ್ಮಿ. ನಡುವಿಗೆ ಬಂದಾಗ ಎರಡೂ ಸಮ. ಕೊನೆಗೆ ಬಲಗೈ ಹೆಚ್ಚು, ಎಡಗೈ ಕಮ್ಮಿ. ಅಷ್ಟನ್ನೂ ಕೈ ತಾನಾಗೇ ಮಾಡಬೇಕು. ತಲೆಯಲ್ಲಿ ಲೆಕ್ಕ ಹಾಕ್ತಾ ಕೂತ್ರೆ ಆಗಲ್ಲ. ಇನ್ನು ಈ ಪಕ್ಕ ನೋಡು, ಉದ್ದಕ್ಕೆ ಆಳವಾದ ಗೀರು. ಅರದ ಹಲ್ಲಲ್ಲಿ ಕಬ್ಬಿಣದ ಪುಡಿ ಕಚ್ಚಿಕೊಂಡಿತ್ತು, ಅದನ್ನ ತೆಗೀದೆ ಉಜ್ಜಿದ್ದಾರೆ. ಸೀಮೆಸುಣ್ಣ ಬಳಿದಿದ್ರೆ ಕಚ್ತಿರಲಿಲ್ಲ. ಈ ಮೂರನೇ ಮೈ ಮಾತ್ರ ಕನ್ನಡಿ ಹಂಗಿದೆ. ಇದು ನಿಮ್ಮ ಮೇಷ್ಟ್ರದು.

ಹುಡುಗಿ: ಇನ್‌ಸ್ಟ್ರಕ್ಟರ್ದು. ನಮ್ಮ ಬ್ಯಾಚಲ್ಲಿ ನಾಲ್ಕು ಜನಕ್ಕೆ ಒಂದು ವೈಸು. ಒಬ್ಬ ಉಜ್ಜೋದು, ಮೂವರು ರೆಕಾರ್ಡ್ ಬರಿಯೋದು. ಪರೀಕ್ಷೆಗೆ ಮುಂಚೆ ಅವರೇ ಪಾಪ ಎಲ್ಲರ ಪೀಸೂ ಫಿನಿಶ್ ಮಾಡಿಕೊಟ್ರು. ಅದೂ ನಮ್ಮ ಕಾಲೇಜಲ್ಲಿ ಮೊದಲ ವರ್ಷಕ್ಕೇ ಇದೆ. ಸ್ಕೀಮ್ ಬದಲಾದಾಗಲೆಲ್ಲ ವರ್ಕ್‌ಶಾಪು ಈ ಸೆಮಿಸ್ಟರಿಂದ ಆ ಸೆಮಿಸ್ಟರಿಗೆ ಜಾರ್ತಾ ಇರುತ್ತೆ.

ಮಾವ: ಇದರಲ್ಲಿ ನಿನ್ನ ಕೈಯದು ಯಾವುದು?

ಹುಡುಗಿ: ಆ ಉಬ್ಬಿದ ಮೈ.

ಮಾವ: ಆಗಲಿ, ಉಬ್ಬಾದ್ರೂ ಕೈ ಹಾಕಿದ್ದೀಯಲ್ಲ.

(ಇಲ್ಲಿ ಬರೆಯುವವನು ಬಾಯಿ ಹಾಕಬೇಕಾಗಿದೆ. ಈ ಇಬ್ಬರೂ ಕೈಯಲ್ಲಿ ಹಿಡಿದು ನೋಡುತ್ತಿದ್ದ ತುಂಡೇ ದೊಡ್ಡ ವಿದೇಶ ಪ್ರವಾಸ ಮುಗಿಸಿ ಬಂದದ್ದು. ಮಾಸ್ಕೋದ ರಾಜಸರ್ಕಾರದ ತಾಂತ್ರಿಕ ಶಾಲೆಯಲ್ಲಿ ವಿಕ್ಟರ್ ಡೆಲ್ಲಾ ವೋಸ್ ಎಂಬವರು 1868ರ ಹೊತ್ತಿಗೆ ಒಂದು ಕ್ರಮ ಕಂಡುಕೊಂಡರು. ಅದುವರೆಗೆ ಕಸುಬು ಕಲಿಯುವುದೆಂದರೆ ಗುರುವಿನ ಅಂಗಡಿಯಲ್ಲಿ ವರ್ಷಗಟ್ಟಲೆ ಇದ್ದು, ಬಂದ ಕೆಲಸ ಮಾಡುತ್ತಾ ಕಲಿಯುವುದು. ಡೆಲ್ಲಾ ವೋಸ್ ಕಸುಬನ್ನು ಬಿಡಿಸಿ ಚಿಕ್ಕಚಿಕ್ಕ ಅಭ್ಯಾಸಗಳಾಗಿ ಮಾಡಿದರು. ಮೊದಲು ಗೆರೆ ಎಳೆ, ಆಮೇಲೆ ಕತ್ತರಿಸು, ಆಮೇಲೆ ಉಜ್ಜು, ಆಮೇಲೆ ಕೂಡಿಸು. ಮಾರುವ ಮಾಲಲ್ಲ, ಕಲಿಯಲಿಕ್ಕೆಂದೇ ಮಾಡುವ ಮಾದರಿ. ಒಬ್ಬ ಗುರು ಒಂದು ತರಗತಿಗೇ ಕಲಿಸಬಹುದಾಯಿತು. ಈ ಮಾದರಿಗಳು 1876ರಲ್ಲಿ ಫಿಲಡೆಲ್ಫಿಯಾದ ಮಹಾಪ್ರದರ್ಶನದಲ್ಲಿ ಸಾಲಾಗಿ ಕೂತವು. ಎಂಐಟಿಯ ಅಧ್ಯಕ್ಷ ಜಾನ್ ರಂಕಲ್ ಅವನ್ನು ಅಲ್ಲಿ ಕಂಡು, ತಮ್ಮ ಸಂಸ್ಥೆಗೆ ಆ ಕ್ರಮವನ್ನು ತಂದರು. ಅಲ್ಲಿಂದ ಅದು ಎಲ್ಲೆಡೆ ಹಬ್ಬಿತು. ಅರಸೀಕೆರೆಯ ಹುಡುಗಿಯ ಚೀಲದಲ್ಲಿದ್ದ ಕಬ್ಬಿಣದ ‘ವಿ’ ಆ ವಂಶದ್ದೇ ಕುಡಿ. ಡೆಲ್ಲಾ ವೋಸ್ ಲೆಕ್ಕ ಒಬ್ಬ ಗುರುವಿಗೆ ಒಂದು ತರಗತಿ ಎಂದು. ಒಂದು ವೈಸಿಗೆ ನಾಲ್ಕು ಜನ ಎಂಬುದು ನಾವು ಸೇರಿಸಿದ್ದು.)

ಹುಡುಗಿ: ಮಾವ, ನಿಮಗೆ ಕಲಿಸಿದ್ದು ಯಾರು?

ಮಾವ: ಹಿರೀಕರು. ಎಚ್‌ಎಂಟಿ ಅಂದ್ರೇ ಹೊರಗಿನೋರಿಂದ ಕಲಿತು ಬೆಳೆದದ್ದು. 1953ರಲ್ಲಿ ಬೆಂಗಳೂರಲ್ಲಿ ಶುರುವಾದಾಗ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಜೊತೆ ಒಪ್ಪಂದ. 1961ರಲ್ಲಿ ವಾಚು ಶುರು ಮಾಡಿದಾಗ ಜಪಾನಿನ ಸಿಟಿಜನ್ ಜೊತೆ. ನನಗೆ ಮೈಕ್ರೋಮೀಟರ್ ಹಿಡಿಯೋದು ಹೇಳಿಕೊಟ್ಟೋರು ಜಪಾನಿನವರ ಕೈಕೆಳಗೆ ಪಳಗಿದ್ದೋರು. ಬಿಗಿ ಹಿಡಿದ್ರೆ ಬಯ್ಯೋರು. ಪಾಳಿ ಮುಗಿಯೋ ಮುಂಚೆ ಯಂತ್ರ ಒರೆಸಿ, ಎಣ್ಣೆ ಹಾಕಿ, ಕಸ ಗುಡಿಸಿದ ಮೇಲೇ ಕೈ ತೊಳ್ಕೋಬೇಕು. ಗುಡಿಸೋಕೆ ಬೇರೆ ಆಳಿದ್ದಾನಲ್ಲ ಅಂತ ಒಂದಿನ ಅಂದೆ. ಕಸದಲ್ಲಿ ಬಿದ್ದ ಸಿಪ್ಪೆ ನೋಡಿದ್ರೆ ನಿನ್ನ ಟೂಲ್ ಮೊಂಡಾಗಿದೆಯೋ ಇಲ್ವೋ ಗೊತ್ತಾಗುತ್ತೆ, ಅದು ಆಳಿಗೆ ಯಾಕೆ ಗೊತ್ತಾಗಬೇಕು ಅಂದ್ರು.

ಹುಡುಗಿ: ಆ ಕಾರ್ಖಾನೆ?

ಮಾವ: 2016ರಲ್ಲಿ ಮುಚ್ಚೋ ತೀರ್ಮಾನ ಆಯ್ತು. ಅದು ಬೇರೆ ಕಥೆ, ಇಲ್ಲಿ ಬೇಡ.

ಹುಡುಗಿ: ಅಂದ್ರೆ ನೀವೂ ವಿದೇಶಿ ತರಬೇತಿಯ ಫಲವೇ. ಅವರು ಬಂದ್ರೆ ಒಳ್ಳೇದು, ನಾನು ಹೋದ್ರೆ ದುಂದಾ?

ಮಾವ: ಹಂಗಲ್ಲ. ಬಂದೋರು ಎಷ್ಟು ದಿನ ಇದ್ರು ನೋಡು. ಮಂಗಳೂರಿಗೆ ಬಾಸೆಲ್ ಮಿಷನ್‌ನವರು ಬಂದ್ರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ರು. ಅವರ ಹತ್ರ ಕಲಿತ ಕೈಗಳೇ ಆಮೇಲೆ ಊರೂರಿಗೆ ಮಂಗಳೂರು ಹೆಂಚು ಕೊಟ್ಟದ್ದು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಲ್ಲಿ ಟೂಲ್ ರೂಮ್ ತರಬೇತಿ ಕೇಂದ್ರ ಶುರುವಾಯ್ತು. ಅದೇ ಈಗಿನ ಜಿಟಿಟಿಸಿ. ಹಾಸನದಲ್ಲೂ ಇದೆಯಲ್ಲ, ನಿನ್ನ ಬಸ್ಸು ಓಡಾಡೋ ಊರಲ್ಲೇ. ಬೆಂಗಳೂರಲ್ಲಿ ಬಾಷ್‌ನವರ ತರಬೇತಿ ಕೇಂದ್ರ 1961ರಿಂದ ಇದೆ. ಬಿಡದಿಯಲ್ಲಿ ಟೊಯೋಟಾದವರು 2007ರಲ್ಲಿ ತೆರೆದ ಶಾಲೆಗೆ ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳನ್ನೇ ತಗೊಂಡು 3 ವರ್ಷ ಅಲ್ಲೇ ಇಟ್ಕೊಂಡು ಕಲಿಸ್ತಾರೆ. 3 ವರ್ಷ! ನೀನು 3 ವಾರ ಅಂತೀಯ, ಅದರಲ್ಲೂ ಎರಡು ದಿನ ಬರ್ಲಿನ್.

ಹುಡುಗಿ: ಹೋಗಿ ನೋಡಿ ಬಂದೋರೇನೂ ಕಡಿಮೆ ಮಾಡಿಲ್ಲ. ವಿಶ್ವೇಶ್ವರಯ್ಯ 1898ರಲ್ಲಿ ಜಪಾನಿಗೆ ಹೋಗಿದ್ರು. ನೋಡೋಕೇ ಹೋಗಿದ್ದು, ಅರ ಹಿಡಿಯೋಕಲ್ಲ.

ಮಾವ: ಆಗ ಅವರು ಎಷ್ಟು ವರ್ಷ ಕೆಲಸ ಮಾಡಿದ್ದ ಎಂಜಿನಿಯರು! ನೋಡೋಕೆ ಕಣ್ಣು ತಯಾರಾಗಿತ್ತು. ಏನು ನೋಡಬೇಕು ಅಂತ ಗೊತ್ತಿದ್ದೋರಿಗೆ 3 ವಾರ ಧಾರಾಳ. ಮತ್ತೆ ಅವರು ನೋಡಿ ಬಂದು ಸುಮ್ನಿರಲಿಲ್ಲ. 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ತಂದ್ರು. ಭದ್ರಾವತಿ ಕಬ್ಬಿಣದ ಕಾರ್ಖಾನೆ ನಡೆಸಿಕೊಟ್ಟದ್ದಕ್ಕೆ ಬರಬೇಕಾಗಿದ್ದ ಹಣಾನ ತಾವು ಇಟ್ಕೊಳ್ಳದೆ ಹುಡುಗರಿಗೆ ಕಸುಬು ಕಲಿಸೋ ಸಂಸ್ಥೆಗೆ ಕೊಡಿ ಅಂದ್ರು. ಅದಕ್ಕೆ ತಮ್ಮ ಹೆಸರೂ ಬೇಡ ಅಂದ್ರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಬೆಳೆದದ್ದು ಅದರಿಂದ.

ಹುಡುಗಿ: ನನಗೆ ಕಣ್ಣು ತಯಾರಾಗೋದು ಯಾವಾಗ? ಒಂದು ಸಲ ಒಳ್ಳೇ ಕಾರ್ಖಾನೆ ನೋಡಿದ್ರೆ, ನಮ್ಮ ಲ್ಯಾಬಲ್ಲಿ ಏನು ಕಮ್ಮಿ ಅಂತಾದ್ರೂ ಗೊತ್ತಾಗಲ್ವಾ?

ಮಾವ: ಗೊತ್ತಾಗುತ್ತೆ. ಇಲ್ಲ ಅನ್ನಲ್ಲ. ಆ ಗೊತ್ತಾಗೋದಕ್ಕೆ 3 ಲಕ್ಷ ಜಾಸ್ತಿ. ಹಳೇಬೀಡಿಗೆ ಬಸ್ ಚಾರ್ಜ್ ಎಷ್ಟು?

ಹುಡುಗಿ: ಶುರುವಾಯ್ತು! ಏನು ಕೇಳಿದ್ರೂ ಹೊಯ್ಸಳರ ಹತ್ರ ಹೋಗಿ ನಿಲ್ತೀರ.

ಮಾವ: ಕೇಳು. ಅರಸೀಕೆರೆ ಶಿವಾಲಯಾನೇ ತಗೋ, ಬೇಲೂರನ್ನೇ ತಗೋ. ಒಳಗಿನ ಕಂಬ ನೋಡಿದ್ದೀಯಲ್ಲ? ಸುತ್ತಲೂ ಬಳೆ ಬಳೆ, ಕೂದಲೆಳೆ ಅಂತರದ ಗೆರೆ. ಅದು ಉಳಿ ಹಿಡಿದು ಕೂತು ಕೆತ್ತಿದ್ದಲ್ಲ. ಕಲ್ಲನ್ನ ತಿರುಗಿಸಿ ಕಡೆದದ್ದು. ಲೇಥ್ ಕಣೇ ಅದು. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟಂಗೆ ಗಟ್ಟಿ ಆಗುತ್ತೆ. ಅದಕ್ಕೇ ಆ ಕೆಲಸ ಆಯ್ತು. ನಮ್ಮ ಅಂಗಡೀಲಿ ಕಬ್ಬಿಣದ ಮೇಲೆ ಗುರುತು ಹಾಕ್ತೀವಲ್ಲ, ಆ ಬಳಪಾನೂ ಅದೇ ಜಾತಿ ಕಲ್ಲು. ವೆಲ್ಡಿಂಗ್ ಬೆಂಕಿಗೂ ಗೆರೆ ಅಳಿಸಲ್ಲ.

ಹುಡುಗಿ: ಅದಕ್ಕೂ ನನ್ನ ಜರ್ಮನಿಗೂ ಏನು ಸಂಬಂಧ?

ಮಾವ: ಬೇಲೂರು ದೇವಸ್ಥಾನ ಆದದ್ದು 1117ರಲ್ಲಿ. ಅಲ್ಲಿ ವಿಗ್ರಹದ ಕೆಳಗೆ ಹೆಸರು ಕೆತ್ತಿದೋರಲ್ಲಿ ದಾಸೋಜ ಒಬ್ಬ, ಚಾವಣ ಒಬ್ಬ. ಅಪ್ಪ–ಮಗ. ಊರು ಬಳ್ಳಿಗಾವೆ, ಶಿಕಾರಿಪುರದ ಕಡೆ. ಅಲ್ಲಿಂದ ಇಲ್ಲಿಗೆ ಕೆಲಸ ಹುಡುಕಿಕೊಂಡು ಬಂದೋರು. ಮಗ ಅಪ್ಪನ ಜೊತೆ ಬಂದ, ಅಪ್ಪನ ಪಕ್ಕದಲ್ಲೇ ಕಲ್ಲು ಹೊಡೆದ, ಕೊನೆಗೆ ತನ್ನ ಹೆಸರನ್ನೂ ಕೆತ್ತಿದ. ಮಲ್ಲಿತಮ್ಮ ಅನ್ನೋ ಇನ್ನೊಬ್ಬ ರೂವಾರಿ ಹೆಸರು ಅಮೃತಾಪುರದಿಂದ ಹಿಡಿದು ಸೋಮನಾಥಪುರದವರೆಗೂ ಸಿಗುತ್ತೆ. ಊರು ಬಿಟ್ಟು ಹೋಗೋದು ತಪ್ಪು ಅಂತ ನಾನೆಲ್ಲಿ ಅಂದೆ? ಕೆಲಸದ ಹಿಂದೆ ಹೋದ್ರು ಅಂತಿದ್ದೀನಿ.

ಹುಡುಗಿ: ಚಾವಣನಿಗೆ ಅಪ್ಪ ಇದ್ದ. ಉಳಿ ಕೈಗೆ ಕೊಟ್ಟ.

ಮಾವ: ಹೂಂ.

ಹುಡುಗಿ: ಈಗ ನಾನು ಕೇಳ್ತೀನಿ. ನಿಮ್ಮ ಅಂಗಡಿ ಇರೋದು ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ಅತ್ತೆ ಕೊಟ್ಟ ಊಟದ ಡಬ್ಬಿ ತಂದು ಕೊಟ್ಟಿದ್ದೀನಿ. ಬಿಲ್ ಪುಸ್ತಕ ಬರೆದಿದ್ದೀನಿ. ಜಿಎಸ್‌ಟಿ ಲೆಕ್ಕ ಹಾಕಿಕೊಟ್ಟಿದ್ದೀನಿ. ನಿಮ್ಮ ಹುಡುಗ ಏಳನೇ ಕ್ಲಾಸು ಬಿಟ್ಟು ಬಂದೋನು, ಇವತ್ತು ಟ್ರೇಲರ್ ಆಕ್ಸಲ್ ಟರ್ನಿಂಗ್ ಮಾಡ್ತಾನೆ. ಮೆಕ್ಯಾನಿಕಲ್ ಸೀಟು ತಗೊಂಡ ನನಗೆ ನೀವು ಒಂದು ದಿನ ಅರ ಕೊಟ್ಟಿದ್ದೀರಾ?

ಮಾವ: ನೀನು ಕೇಳಲಿಲ್ಲ.

ಹುಡುಗಿ: ಕೇಳಿದ್ದೆ. ಪಿಯುಸಿ ರಜೇಲಿ ಕೇಳಿದ್ದೆ. ಮಸಿ ಆಗುತ್ತೆ ಹೋಗು ಅಂದ್ರಿ.

ಮಾವ: ಅಂಗಡಿ ಅಂದ್ರೆ ಲಾರಿ ಡ್ರೈವರು, ಬೋರ್‌ವೆಲ್‌ನೋರು, ಕಾಯಿ ಸುಲಿಯೋ ಯಂತ್ರ ರಿಪೇರಿಗೆ ತಂದೋರು, ನೂರು ಥರದ ಜನ ಬರ್ತಾರೆ. ಮಾತು ನೆಟ್ಟಗಿರಲ್ಲ. ನಿಮ್ಮಪ್ಪ ಏನಂದ್ಕೋತಾನೆ, ಬೀದಿಯೋರು ಏನಂತಾರೆ? ಜೊತೆಗೆ ನಿನ್ನ ದುಪಟ್ಟಾ, ನಿನ್ನ ಜಡೆ. ಚಕ್ಕಿಗೆ ಸಿಕ್ಕಿದ್ರೆ ನಾನು ನನ್ನ ತಂಗಿಗೆ ಯಾವ ಮುಖ ತೋರಿಸಲಿ?

ಹುಡುಗಿ: ಅದಕ್ಕೇ ನಂಗೆ ಜರ್ಮನಿ ಬೇಕಾಗಿರೋದು. ಅಲ್ಲಿ ನಾನು ಯಾರ ತಂಗಿಯ ಮಗಳೂ ಅಲ್ಲ. ಏಪ್ರನ್ ಕೊಡ್ತಾರೆ, ಕನ್ನಡಕ ಕೊಡ್ತಾರೆ, ಕೂದಲು ಕಟ್ಟು ಅಂತಾರೆ, ಯಂತ್ರದ ಮುಂದೆ ನಿಲ್ಲಿಸ್ತಾರೆ. ಬೀದಿಯೋರು ಇರಲ್ಲ. ಅಲ್ಲಿಯೂ ಮೆಕ್ಯಾನಿಕಲ್‌ನಲ್ಲಿ ಹುಡುಗೀರು ಕಮ್ಮಿಯೇ, ಅದೂ ಗೊತ್ತು. ಆದ್ರೆ ಕಮ್ಮಿ ಇರೋದು ಬೇರೆ, ಬಾಗಿಲಲ್ಲೇ ವಾಪಸ್ ಕಳಿಸೋದು ಬೇರೆ.

(ಸ್ವಲ್ಪ ಹೊತ್ತು ಮಾವ ಮಾತಾಡಲಿಲ್ಲ. ಕೆಳಗಿನಿಂದ ಹತ್ತಿ ಬರುತ್ತಿದ್ದ ಹೊಸ ಜೋಡಿಯೊಂದು ಏದುಸಿರು ಬಿಡುತ್ತಾ ದಾರಿ ಕೇಳಿದ್ದಕ್ಕೆ ಇನ್ನು ಸ್ವಲ್ಪವೇ ಎಂದರು. ಅದು ಸುಳ್ಳು, ಬೆಟ್ಟ ಇಳಿಯುವವರೆಲ್ಲ ಹೇಳುವ ಸುಳ್ಳು. ವಿದೇಶಿ ತರಬೇತಿಯ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಖರ್ಚು, ವೀಸಾ, ಸರ್ಟಿಫಿಕೇಟಿನ ಬೆಲೆ ಇವುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಮನೆಯ ಮಗಳಿಗೆ ಊರಲ್ಲೇ ಸಿಗಬೇಕಾದ ಒಂದು ವೈಸು ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆ ಆ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ಏಜೆಂಟನ ವ್ಯಾಪಾರ ನಡೆಯುವುದು ಅದರಿಂದಲೂ ಇರಬಹುದು.)

ಮಾವ: ಆ ಏಜೆಂಟಿನ ಕಾಗದ ಬಿಟ್ಟು ಬೇರೆ ದಾರಿ ಇಲ್ವಾ? ನೀನು ಇಷ್ಟು ಓದಿದ್ದೀಯಲ್ಲ.

ಹುಡುಗಿ: ಇದೆ. ಐಯಾಸ್ಟೆ ಅಂತ ಒಂದು ಸಂಸ್ಥೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಯುರೋಪಿನ ಕೆಲವು ದೇಶದವರು ಸೇರಿ ಶುರು ಮಾಡಿದ್ದು. ಅವರ ದೇಶದ ವಿದ್ಯಾರ್ಥಿಗೆ ಇಲ್ಲಿ ಕೆಲಸ, ಇಲ್ಲಿಯೋರಿಗೆ ಅಲ್ಲಿ ಕೆಲಸ, ಮುಯ್ಯಿಗೆ ಮುಯ್ಯಿ ಲೆಕ್ಕ. ಅಲ್ಲಿ ಇರುವಾಗ ಊಟ, ವಸತಿಗೆ ಆಗುವಷ್ಟು ಭತ್ಯೆ ಕೆಲಸ ಕೊಟ್ಟೋರೇ ಕೊಡ್ತಾರೆ. ವಿಮಾನದ ಖರ್ಚು, ವಿಮೆ ನಮ್ಮದು. ನಮ್ಮ ಮಣಿಪಾಲದಲ್ಲೇ ಅದರ ಶಾಖೆ ಇದೆ.

ಮಾವ: ಹಂಗಾದ್ರೆ ಮಣಿಪಾಲಕ್ಕೆ ಬರಿ! ಇದನ್ನ ಯಾಕೆ ಹಿಡ್ಕೊಂಡಿದ್ದೀಯ?

ಹುಡುಗಿ: ಅದು ಸಾಮಾನ್ಯವಾಗಿ ಎರಡು–ಮೂರು ವರ್ಷ ಓದಿದೋರಿಗೆ. ಮೊದಲ ವರ್ಷದೋರನ್ನ ತಗೊಂಡು ಯಾರು ಏನು ಮಾಡಿಸ್ತಾರೆ? ಅರ್ಜಿಯಲ್ಲೇ ಕೇಳ್ತಾರೆ, ಏನೇನು ಕೆಲಸ ಬರುತ್ತೆ ಅಂತ. ನಾನು ಏನು ಬರೀಲಿ? ಉಬ್ಬಿದ ಮೈ ಉಜ್ಜೋಕೆ ಬರುತ್ತೆ ಅಂತ ಬರೀಲಾ?

ಮಾವ: ಅಂದ್ರೆ ಅಲ್ಲಿಗೆ ಹೋಗೋಕೂ ಮೊದಲು ಇಲ್ಲಿ ಕಲೀಬೇಕು.

ಹುಡುಗಿ: ಕಲಿಸೋರು ಬೇಕು.

ಮಾವ: ಹಾಸನದ ಜಿಟಿಟಿಸಿಯಲ್ಲಿ ಚಿಕ್ಕ ಕೋರ್ಸು ಏನಾದ್ರೂ ಇದೆಯಾ, ವಿಚಾರಿಸು. ರಜೇಲಿ ಸೇರು. ದುಡ್ಡು ನಾನು ಕೊಡ್ತೀನಿ, ಕೊಬ್ಬರಿ ಅಟ್ಟದಲ್ಲೇ ಇರಲಿ.

ಹುಡುಗಿ: ಅದೂ ವಿಚಾರಿಸ್ತೀನಿ. ಆದ್ರೆ ಮಾತು ತಪ್ಪಿಸ್ಬೇಡಿ. ನಿಮ್ಮ ಅಂಗಡೀಲಿ ಎರಡು ವೈಸು ಇದೆ. ಒಂದು ಖಾಲಿ ಇರುತ್ತೆ.

ಮಾವ: ಖಾಲಿ ಇರಲ್ಲ, ಅದರ ಮೇಲೆ ಟೀ ಲೋಟ ಇಟ್ಟಿರ್ತೀವಿ.

ಹುಡುಗಿ: ಲೋಟ ಬೇರೆ ಕಡೆ ಇಡಿ.

ಮಾವ: ಲೇಥ್ ಮುಟ್ಟೋ ಹಾಗಿಲ್ಲ, ನಾನು ಹೇಳೋವರೆಗೂ. ಮೊದಲು ಹ್ಯಾಕ್ಸಾ. ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು, ಕತ್ತರಿಸೋದು ತಳ್ಳುವಾಗ, ಎಳೆಯುವಾಗ ಅಲ್ಲ. ಅದು ಬಂದ ಮೇಲೆ ಅರ. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದ್ರೆ ಸಂದಿ ಕಾಣಬಾರದು. ಕಾಣದಂಗೆ ಆಗೋವರೆಗೂ ಅದೇ ತುಂಡು. ಇನ್ನೊಂದು ತುಂಡು ಕೊಡಲ್ಲ, ತೆಳ್ಳಗಾಗಿ ತಗಡಾದ್ರೂ ಸರಿ.

ಹುಡುಗಿ: ಆಗಲಿ. ದಿನಾ ಏನು ಮಾಡಿದೆ ಅಂತ ನಾನು ಪುಸ್ತಕದಲ್ಲಿ ಬರೀತೀನಿ. ನೀವು ಸಹಿ ಹಾಕಬೇಕು, ಜರ್ಮನಿಯೋರ ಥರ.

ಮಾವ: ಸಹಿ ಹಾಕೋಕೆ ನನ್ನ ಅಂಗಡಿಗೆ ಸೀಲೂ ಇಲ್ಲ.

ಹುಡುಗಿ: ಜಿಎಸ್‌ಟಿ ಬಿಲ್ಲಿಗೆ ಹೊಡೀತೀರಲ್ಲ, ಅದೇ ಸಾಕು. ಮತ್ತೆ ಪಾಸ್‌ಪೋರ್ಟಿಗೆ ಅರ್ಜಿ ಹಾಕ್ತೀನಿ, ಅದಕ್ಕೆ ಬೇಡ ಅನ್ನಬಾರದು. ಮೂರನೇ ವರ್ಷಕ್ಕೆ ಬೇಕಾಗುತ್ತೆ.

ಮಾವ: ಹಾಕು. ಆ ಏಜೆಂಟನಿಗೆ?

ಹುಡುಗಿ: ಯಾವ ಯಂತ್ರ, ಎಷ್ಟು ಗಂಟೆ, ವಿಮೆ ಯಾರದು ಅಂತ ಬರೆದು ಕೇಳ್ತೀನಿ. ಉತ್ತರ ಕೊಟ್ರೆ ಯೋಚನೆ ಮಾಡೋಣ.

ಮಾವ: ಕೊಡಲ್ಲ, ನೋಡ್ತಿರು. ಸರಿ, ಸೋಮವಾರ ಬಾ. ದುಪಟ್ಟಾ ಬೇಡ, ಬಳೆ ಬೇಡ, ಚಪ್ಪಲಿ ಬೇಡ, ಕಾಲು ಮುಚ್ಚೋ ಶೂ ಹಾಕ್ಕೊಂಡು ಬಾ. ಜಡೆ ಮೇಲೆ ಸುತ್ತಿ ಬಟ್ಟೆ ಕಟ್ಟಿರಬೇಕು.

ಹುಡುಗಿ: ಬೀದಿಯೋರು?

ಮಾವ: ಬೀದಿಯೋರನ್ನ ನಾನು ನೋಡ್ಕೋತೀನಿ. ನಿಮ್ಮ ಅತ್ತೆಗೆ ಮಾತ್ರ ನೀನೇ ಹೇಳು.